ಅಮ್ಮನ ಹಾಲುಹಲ್ಲು

ನಸ್ತಾಸ್ಯಳ ಕೈಗಳು ದೊಡ್ಡವು. ಬೇಸಿಗೆಯಿಡೀ ಬಲೆ ಎಳೆದು, ಸಾಲ್ಮನ್ ಮೀನು ಸೀಳಿ ಒಣಹಾಕಿ ಬೆಳೆದ ಕೈಗಳು. ಅಂಥ ಕೈಗಳು ಆರು ವರ್ಷದ ಮಗುವಿನ ಬಾಯಿಯ ಹತ್ತಿರ ಬಂದಾಗ ಅದು ಹೇಗೆ ಅಷ್ಟು ಹಗುರಾಗುತ್ತವೆ ಎನ್ನುವುದೇ ಓಲಿಂಕಳಿಗೆ ಸೋಜಿಗ. ಅವಳು ಗೋಡೆಗೆ ಒರಗಿ ನಿಂತು, ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದವಳು ಅವಳ ಅಕ್ಕನ ಮಗಳು ಅರ್ನಾಕ್.

"ನೋವಾಗ್ತಿದ್ಯಾ?" ನಸ್ತಾಸ್ಯ ಕೇಳಿದಳು.

ಅರ್ನಾಕ್ ಮೂಗು ಸುಕ್ಕಿಸಿದಳು. ಇಲ್ಲ.

"ಇನ್ನೊಂಚೂರು ತಡ್ಕೋತೀಯಾ?"

ಹುಬ್ಬುಗಳೆರಡೂ ಮೇಲಕ್ಕೆ ಹೋದವು. ಹೂಂ.

ಅಷ್ಟೇ ಮಾತು. ಬಾಯಿ ತುಂಬ ಹತ್ತಿಯಿದ್ದರೂ ಇಲ್ಲಿನ ಯೂಪಿಕ್ ಜನಾಂಗದ ಮಗು ಮಾತಾಡಬಲ್ಲದು, ನೋಡುವವರಿಗೆ ಗೊತ್ತಿರಬೇಕು. ಹಿಂದೆ ಒಂದು ಸಲ ಹೊರಗಿನಿಂದ ಬಂದಿದ್ದ ಒಬ್ಬ ಡಾಕ್ಟರಿಗೆ ಅದು ಗೊತ್ತಿರಲಿಲ್ಲ. ನೋವಾಗುತ್ತಿದೆಯಾ ಎಂದು ಅವರು ಕೇಳುತ್ತಲೇ ಇದ್ದರು. ಅರ್ನಾಕ್ ಹುಬ್ಬು ಏರಿಸುತ್ತಲೇ ಇದ್ದಳು. ಮಗು ಬೆರಗಿನಿಂದ ನೋಡುತ್ತಿದೆ ಎಂದುಕೊಂಡು ಅವರು ಕೊರೆಯುತ್ತಲೇ ಇದ್ದರು. ಅವಳ ಕಿವಿಯೊಳಗೆ ಕಣ್ಣೀರು ಇಳಿದಿದ್ದನ್ನು ಕಂಡವಳು ಬಾಗಿಲ ಬಳಿ ನಿಂತಿದ್ದ ಓಲಿಂಕ ಒಬ್ಬಳೇ. ಅವಳಿಗೆ ಬಾಯಿ ಬರಲಿಲ್ಲ. ಅದಕ್ಕಾಗಿ ಈಗಲೂ ಅವಳಿಗೆ ತನ್ನ ಮೇಲೆ ಸಿಟ್ಟಿದೆ.

ನಸ್ತಾಸ್ಯ ಡಾಕ್ಟರಲ್ಲ. ನದಿಯ ಕೆಳಗಿನ ಹಳ್ಳಿಯವಳು. ಎರಡು ವರ್ಷ ಓದಿ, ಹಲ್ಲು ತುಂಬುವುದನ್ನೂ ಕೀಳುವುದನ್ನೂ ಕಲಿತು ಬಂದವಳು. ಅಲಾಸ್ಕದ ಈ ಮೂಲೆಯಲ್ಲಿ ಹಲ್ಲಿನ ಡಾಕ್ಟರು ಬೇಕೆಂದರೆ ವಿಮಾನ ಹತ್ತಿ ಪಟ್ಟಣಕ್ಕೆ ಹೋಗಬೇಕು. ನಸ್ತಾಸ್ಯ ಹಾಗಲ್ಲ, ಆರೇಳು ವಾರಕ್ಕೊಮ್ಮೆ ತಾನೇ ಪುಟ್ಟ ವಿಮಾನದಲ್ಲಿ ಪೆಟ್ಟಿಗೆಗಳ ಸಮೇತ ಇಳಿಯುತ್ತಾಳೆ. ಹಳ್ಳಿಯವರು ಅವಳನ್ನು 'ಹಲ್ಲು ರಿಪೇರಿಯವಳು' ಎನ್ನುತ್ತಾರೆ. ಅವಳಿಗೆ ಆ ಹೆಸರು ಇಷ್ಟ.

ಸಿಮೆಂಟು ತುಂಬಿ, ನೀಲಿ ಬೆಳಕು ಹಿಡಿದು ಗಟ್ಟಿಮಾಡಿ, ಕಚ್ಚಿಸಿ ನೋಡಿ, ಅಂಚು ಉಜ್ಜಿ, ಮತ್ತೆ ಕಚ್ಚಿಸಿದಳು. ಆಮೇಲೆ ಓಲಿಂಕಳನ್ನು ಹತ್ತಿರ ಕರೆದು ಕೈಗನ್ನಡಿಯಲ್ಲಿ ತೋರಿಸಿದಳು.

"ಕೆಳಗಡೆ ಬಲಗಡೇದು ನೋಡು. ಹೋದ ಶರತ್ಕಾಲದಲ್ಲಿ ನಾಲ್ಕು ತುಂಬಿದ್ದೆ. ಮೂರು ಪರವಾಗಿಲ್ಲ. ಇದು ಮಾತ್ರ ಉದುರಿ ಹೋಗಿತ್ತು. ಅಂಚಲ್ಲಿ ಮತ್ತೆ ಹುಳುಕು ಹಿಡಿದಿತ್ತು. ಈಗ ಈ ಹಲ್ಲಿಗೆ ಗೋಡೆ ಅಂತ ಉಳಿದಿರೋದೇ ಎರಡು. ಇನ್ನೊಂದು ಸಲ ಹೋದ್ರೆ ಸಿಮೆಂಟಿಗೆ ಹಿಡ್ಕೊಳ್ಳೋಕೆ ಜಾಗ ಇರಲ್ಲ ಕಣೇ. ಪಟ್ಟಣಕ್ಕೆ ಕಳಿಸಿ ಕೀಳಿಸ್ಬೇಕು."

ಎರಡು ವರ್ಷದ ಹಿಂದೆ ಮೇಲಿನ ಮೂರು ಹಲ್ಲು ಹಾಗೇ ಹೋಗಿದ್ದವು. ಪಟ್ಟಣದಲ್ಲಿ ಮೂಗಿಗೆ ಮುಖವಾಡ ಹಾಕಿ, ನಿದ್ದೆ ಬರಿಸಿ ಕಿತ್ತಿದ್ದರು. ಮನೆಗೆ ಬಂದ ಮಗು ನಾಲ್ಕು ದಿನ ಯಾರೊಂದಿಗೂ ಮಾತಾಡಿರಲಿಲ್ಲ.

"ಹಾಲುಹಲ್ಲು ತಾನೆ," ಓಲಿಂಕ ನೆಲ ನೋಡುತ್ತ ಹೇಳಿದಳು. "ಹೇಗೂ ಬಿದ್ದು ಹೋಗುತ್ತಲ್ಲ."

"ಬೀಳೋದು ಹತ್ತೋ ಹನ್ನೊಂದೋ ವರ್ಷಕ್ಕೆ. ಅಲ್ಲೀತನಕ ದೊಡ್ಡ ಹಲ್ಲಿಗೆ ಜಾಗ ಹಿಡ್ಕೊಂಡು ಕೂತಿರೋದು ಇದೇ. ಇದು ಎದ್ದು ಹೋಯ್ತೋ, ಹಿಂದಿನದು ಮುಂದಕ್ಕೆ ಜರುಗಿ ಕೂತುಬಿಡುತ್ತೆ. ಚರ್ಚಲ್ಲಿ ಪಕ್ಕದೋರು ಎದ್ರೆ ನಿಮ್ಮ ನೆರೆಮನೆ ಪೆಟ್ರೋನಿಲ ಜರುಗಲ್ವಾ, ಹಾಗೆ."

ಓಲಿಂಕಳಿಗೆ ನಗು ಬಂತು. ಬಾಯಿ ಜೋಮು ಹಿಡಿದಿದ್ದ ಅರ್ನಾಕ್ ಅರ್ಧ ಬಾಯಿಯಲ್ಲಿ ನಕ್ಕಳು.

"ಇನ್ನೆರಡು ಗಂಟೆ ತುಟಿ ಜೋಮಿರುತ್ತೆ. ಮಕ್ಕಳು ಸುಮ್ಮನಿರಲ್ಲ, ತುಟೀನೇ ಅಗಿದು ಗಾಯ ಮಾಡ್ಕೋತಾರೆ. ನೋಡ್ಕೋ. ನಾಳೆವರೆಗೆ ಗಟ್ಟಿ ಪದಾರ್ಥ ಬೇಡ. ದಿನಕ್ಕೆರಡು ಸಲ ಉಜ್ಜೋದು, ಇವಳಲ್ಲ, ನೀನು ಉಜ್ಜಬೇಕು. ಕಚ್ಚಿದಾಗ ನೋವು ಅಂದ್ರೆ ಫೋನ್ ಮಾಡು." ನಸ್ತಾಸ್ಯ ಕೈಗವಸು ಕಳಚಿ ಮಗುವಿನ ಕಡೆ ತಿರುಗಿದಳು. "ಈಗ ಹೇಳು. ಈ ಹಲ್ಲಿಗೆ ಸಿಹಿ ಎಲ್ಲಿಂದ ಬರ್ತಿದೆ?"

"ನನ್ ಮಗಳು ಕೊಡ್ತಾಳೆ," ಅಂದಳು ಅರ್ನಾಕ್, ತೊದಲುತ್ತ. "ಶಕ್ಕರೆ. ಚಾ ಜೊತೆ."

ನಸ್ತಾಸ್ಯ ನಗಲಿಲ್ಲ. ಆರು ವರ್ಷದವಳ ಮಗಳು ಯಾರೆಂದು ಅವಳಿಗೆ ತಿಳಿದಿತ್ತು. ಅವಳು ಓಲಿಂಕಳ ಕಡೆ ನೋಡಿ ನಿಟ್ಟುಸಿರಿಟ್ಟಳು.

"ನಿಮ್ಮವ್ವನಿಗೆ ನಾನು ಬುದ್ಧಿ ಹೇಳಕ್ಕಾಗಲ್ಲ ಓಲಿಂಕ. ನಂಗಿಂತ ಹಿರಿಯಳು. ನೀನೇ ಏನಾದ್ರೂ ಮಾಡು."

ಓಲಿಂಕ ಹುಬ್ಬೇರಿಸಿದಳು. ಆದರೆ ಏನು ಮಾಡುವುದೆಂದು ಅವಳಿಗೂ ತಿಳಿದಿರಲಿಲ್ಲ. ಅವಳು ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟವಳು. ಮನೆಯವರ ಎದುರಿಗೇ ನಾಲ್ಕು ಮಾತು ಜೋಡಿಸಲು ಕಷ್ಟಪಡುವವಳು.

ಓಲಿಂಕಳ ಅಜ್ಜಿಯ ಹೆಸರೂ ಅರ್ನಾಕ್. ತೊಂಬತ್ತರ ಹತ್ತಿರದಲ್ಲಿ ಆಕೆ ತೀರಿಕೊಂಡ ತಿಂಗಳೇ ಅಕ್ಕನಿಗೆ ಹೆಣ್ಣು ಹುಟ್ಟಿತು. ಹೆಸರು ಮಗುವಿಗೆ ಬಂತು. ಹೆಸರಿನ ಜೊತೆಗೆ ಆಕೆಯೂ ಮನೆಗೆ ಬಂದಳು. ಅಂದಿನಿಂದ ಓಲಿಂಕಳ ತಾಯಿ ಅಗಾಫಿಯ ಮೊಮ್ಮಗಳನ್ನು 'ಅಮ್ಮಾ' ಎಂದೇ ಕರೆಯುತ್ತಾಳೆ. ಅದು ಮುದ್ದಿನ ಮಾತಲ್ಲ. ತಾಯಿಗೆ ಇಷ್ಟವಿದ್ದದ್ದೆಲ್ಲ ಈ ಮಗುವಿಗೆ ಸಲ್ಲಬೇಕು. ಈ ಬಾಯಿಗೆ ಇಟ್ಟದ್ದು ಆ ಬಾಯಿಗೂ ತಲುಪುತ್ತದೆ. ಆ ಅಜ್ಜಿ ಕೊನೆಗಾಲದಲ್ಲಿ ಬದುಕಿದ್ದೇ ಚಹಾ ಮತ್ತು ಸಕ್ಕರೆ ಅಚ್ಚಿನ ಮೇಲೆ ಎಂದು ಅಗಾಫಿಯ ಬಂದವರಿಗೆಲ್ಲ ಹೇಳುವಳು. ಹಾಗಾಗಿ ಮಗುವಿನ ತಟ್ಟೆಯ ಪಕ್ಕದಲ್ಲಿ ದಿನಕ್ಕೆ ನಾಲ್ಕು ಸಲ ಸಕ್ಕರೆ ಅಚ್ಚು.

ಅಕ್ಕ ಗಣಿಯ ಅಡುಗೆಮನೆಯಲ್ಲಿ ಕೆಲಸಕ್ಕಿದ್ದಳು. ಎರಡು ವಾರ ಅಲ್ಲಿ, ಎರಡು ವಾರ ಮನೆಯಲ್ಲಿ. ಹಾಗಾಗಿ ಮಗುವಿನ ಹಲ್ಲು ಓಲಿಂಕಳ ಪಾಲಿಗೇ ಬಂದಿತ್ತು.

ಮನೆಗೆ ಬಂದ ಕೂಡಲೇ ಅವಳು ಅರ್ನಾಕಳನ್ನು ಮೇಜಿನ ಮುಂದೆ ಕೂರಿಸಿದಳು. ದೊಡ್ಡ ತಟ್ಟೆಯಲ್ಲಿ ಹಿಟ್ಟು ಹರಡಿ, ಬೆಣ್ಣೆ ಚಾಕು ಹಿಡಿದು, ಹುಡುಗಿಯರು ನದಿಯ ಕೆಸರಿನಲ್ಲಿ ಗೀಚುವ ಹಾಗೆ ಗೀಚುತ್ತ ಕತೆ ಹೇಳತೊಡಗಿದಳು. ಮನೆ ಬರೆದಳು, ಒಲೆ ಬರೆದಳು, ಒಲೆಯ ಪಕ್ಕದಲ್ಲಿ ಮಾತು ಕೇಳದ ಮೊಮ್ಮಗಳನ್ನು ಬರೆದಳು. ತಟ್ಟೆ ಅಲುಗಿಸಿದರೆ ಎಲ್ಲ ಅಳಿಸಿ ಹೋಗುತ್ತಿತ್ತು. ಅರ್ನಾಕ್ ತುಟಿ ಒಳಕ್ಕೆಳೆದುಕೊಂಡಾಗಲೆಲ್ಲ ಓಲಿಂಕ ಚಾಕು ಅವಳ ಕೈಗೆ ಕೊಟ್ಟು, "ಆಮೇಲೇನಾಯ್ತು ಅಂತ ನೀನೇ ಹೇಳು" ಎನ್ನುತ್ತಿದ್ದಳು. ಹೇಳಬೇಕಾದರೆ ತುಟಿ ಬಿಡಲೇಬೇಕು. ಎರಡು ಗಂಟೆ ಹಾಗೆ ಕಳೆಯಿತು. ತುಟಿ ಉಳಿಯಿತು.

ಅಷ್ಟರಲ್ಲಿ ಅಗಾಫಿಯ ಚಹಾ ತಂದಳು. ಬಸಿಯಲ್ಲಿ ಎರಡು ಅಚ್ಚು ಸಕ್ಕರೆ.

"ಅಮ್ಮಾ, ಬಾ. ತುಂಬಾ ನೋಯಿಸಿದ್ರಾ?"

"ಅವ್ವಾ," ಓಲಿಂಕ ಮೆಲ್ಲಗೆ ಹೇಳಿದಳು, "ನಸ್ತಾಸ್ಯ ಸಕ್ಕರೆ ಬೇಡ ಅಂದಿದಾಳೆ."

"ನಸ್ತಾಸ್ಯಾನಾ? ಅವಳು ಹುಟ್ಟಿದಾಗ ಅಂಬೆಗಾಲಿಗೆ ಬೂಟು ಹೊಲಿದು ಕಳಿಸಿದ್ದು ನಾನು."

"ಹಲ್ಲು ಹೋಗುತ್ತಂತೆ."

"ಅಮ್ಮ ಬಾಯಿ ಬಿಟ್ಟು ಕೇಳಿದ್ರೆ ಇಲ್ಲ ಅನ್ನೋ ಮಗಳು ನಾನಲ್ಲ."

ಅರ್ನಾಕ್ ಇಬ್ಬರನ್ನೂ ನೋಡಿದಳು. ತನ್ನ ಬಲ ಅವಳಿಗೆ ಚೆನ್ನಾಗಿ ಗೊತ್ತು. "ಮಗಳೇ," ಅಂದಳು ಗಂಭೀರವಾಗಿ, "ನಾಳೆ ಕೊಡು. ಇವತ್ತು ಬಾಯಿ ಮಲಗಿದೆ."

ಆ ನಾಳೆ ಬಂತು, ಮತ್ತೆ ಎಂದಿನಂತೆಯೇ ನಡೆಯಿತು. ಓಲಿಂಕ ಸಕ್ಕರೆ ಡಬ್ಬಿಯನ್ನು ಹಿಟ್ಟಿನ ಚೀಲದ ಹಿಂದೆ ಇಟ್ಟಳು. ಅಗಾಫಿಯ ಏನೂ ಕೇಳದೆ ಪೆಟ್ರೋನಿಲಳ ಮನೆಯಿಂದ ಎರಡು ಮುಷ್ಟಿ ತಂದಳು. ಚಹಾದ ನಂತರ ಬಾಯಿ ಮುಕ್ಕಳಿಸಲೆಂದು ಓಲಿಂಕ ನೀರು ಕೊಟ್ಟರೆ, ಅರ್ನಾಕ್ ಅದನ್ನು ನುಂಗಿ ಬಾಯಿ ಚಪ್ಪರಿಸಿದಳು. ಬ್ರಷ್ ಹಿಡಿದುಕೊಂಡು ಹೋದರೆ ಹಲ್ಲು ಕಚ್ಚಿ ಹಿಡಿದು, "ನಾನು ನಿನ್ನ ಅಜ್ಜಿ. ಅಜ್ಜಿ ಬಾಯಿಗೆ ಕಡ್ಡಿ ಹಾಕ್ತೀಯಾ?" ಎಂದು ಹಲ್ಲಿನ ಸಂದಿಯಿಂದಲೇ ಕೇಳಿದಳು.

"ಹೂಂ ಅಜ್ಜಿ, ಹಾಕ್ತೀನಿ. ಬಾಯಿ ತೆಗಿ."

"ನಿಮ್ಮಮ್ಮಂಗೆ ಹೇಳ್ತೀನಿ ತಾಳು!"

ಬಾಗಿಲಾಚೆ ಅಗಾಫಿಯ ನಕ್ಕಿದ್ದು ಕೇಳಿಸಿತು.

ಓಲಿಂಕ ಗಮನಿಸಿದ ಇನ್ನೊಂದು ಸಂಗತಿಯಿತ್ತು. ಹಲ್ಲು ತುಂಬಿ ಹತ್ತು ದಿನವಾದರೂ ಮಗು ಎಡಗಡೆಯಲ್ಲೇ ಅಗಿಯುತ್ತಿತ್ತು. ನೋವಾ ಎಂದರೆ ಮೂಗು ಸುಕ್ಕಿಸುವಳು. ನೋವಿರಲಿಲ್ಲ, ನಂಬಿಕೆ ಇರಲಿಲ್ಲ. ಗಟ್ಟಿಯಾದದ್ದು ಕಂಡರೆ ಪಕ್ಕಕ್ಕೆ ಸರಿಸಿ ಬಿಡುತ್ತಿದ್ದಳು. ಸಕ್ಕರೆಯಾದರೆ ಅಗಿಯಬೇಕಾಗಿಲ್ಲ, ದವಡೆಯಲ್ಲಿಟ್ಟು ಚಹಾ ಹೀರಿದರೆ ಸಾಕು, ತಾನೇ ಕರಗುತ್ತದೆ.

ಒಂದು ಮಧ್ಯಾಹ್ನ ಪೆಟ್ರೋನಿಲ ಬಂದಿದ್ದಳು. ಅಗಾಫಿಯ ನೆಲದ ಮೇಲೆ ರಟ್ಟು ಹಾಸಿ, ಅರ್ಧಚಂದ್ರದ ಕತ್ತಿಯಿಂದ ಒಣಗಿದ ಸಾಲ್ಮನ್ ಪಟ್ಟಿಗಳನ್ನು ತುಂಡು ಮಾಡುತ್ತಿದ್ದಳು. ಮಾತು ಎಂದಿನಂತೆ ತಾಯಿಯ ಚಹಾದ ಕಡೆ ಹೊರಳಿತು.

"ಹೀಗೆ ಇಟ್ಕೊಳ್ಳೋಳು," ಎಂದು ಅಗಾಫಿಯ ಕತ್ತಿ ಕೆಳಗಿಟ್ಟು ತೋರಿಸಿದಳು. ಇಲ್ಲದ ಸಕ್ಕರೆಯನ್ನು ಬೆರಳಲ್ಲಿ ಹಿಡಿದು, ಮುಂದಿನ ಹಲ್ಲಿನಿಂದ ಕಚ್ಚದೆ, ನೇರ ಕೆನ್ನೆಯೊಳಗೆ ತಳ್ಳಿ, ತಲೆ ಒಂದು ಕಡೆ ವಾಲಿಸಿ, ಕಣ್ಣು ಮುಚ್ಚಿ ಹೀರಿದಳು. "ಅಷ್ಟು ಇಷ್ಟ ಅವಳಿಗೆ."

ಓಲಿಂಕ ಆ ಅಭಿನಯವನ್ನು ನೂರು ಸಲ ನೋಡಿದ್ದಳು. ಇಂದು ನೂರೊಂದನೆಯ ಸಲ. ಆದರೆ ಹತ್ತು ದಿನದಿಂದ ಅವಳ ಕಣ್ಣು ಒಂದು ಮಗುವಿನ ದವಡೆಯನ್ನು ಬಿಟ್ಟು ಬೇರೇನನ್ನೂ ನೋಡಿರಲಿಲ್ಲ. ಆ ವಾಲಿದ ತಲೆ, ಆ ಕೆನ್ನೆ, ಹಲ್ಲನ್ನು ತಪ್ಪಿಸಿ ಒಳಗೆ ಹೋಗುವ ಆ ಬೆರಳು. ಇಷ್ಟಪಟ್ಟು ತಿನ್ನುವವರು ಹಾಗೆ ತಿನ್ನುವುದಿಲ್ಲ.

ಪೆಟ್ರೋನಿಲ ಎದುರಿಗಿದ್ದಳು. ಹಿರಿಯರ ಮಾತಿನ ನಡುವೆ ಬಾಯಿ ಹಾಕಬಾರದು. ಆದರೂ ಓಲಿಂಕ ಕೇಳಿಬಿಟ್ಟಳು.

"ಅವ್ವಾ, ಅಜ್ಜಿ ಸಕ್ಕರೆ ಹಿಡಿದಾಗ ಬಾಯಲ್ಲಿ ಹಲ್ಲಿತ್ತಾ?"

ಅಗಾಫಿಯಳ ಕೈ ಗಾಳಿಯಲ್ಲೇ ನಿಂತಿತು. ಒಲೆಯ ಮೇಲೆ ಕೆಟಲು ಕುದಿಯುತ್ತಿತ್ತು.

"ಇರ್ಲಿಲ್ಲ," ಅಂದಳು ಅಗಾಫಿಯ. "ಒಂಬತ್ತು ಜನರ ಬೂಟಿಗೆ ಕಡಲಲ್ಲಿ ಬೇಟೆಯಾಡಿ ತಂದ ಸೀಲ್ ಚರ್ಮ ಕಚ್ಚಿ ಮಡಿಸಿ ಮಡಿಸಿ ಸವೆದು ಹೋಗಿತ್ತು. ಆಮೇಲೆ ಹಡಗಲ್ಲಿ ಒಬ್ಬ ಹಲ್ಲಿನ ಡಾಕ್ಟ್ರು ಬಂದ. ತುಂಬೋದು ಗಿಂಬೋದು ಏನಿಲ್ಲ ಆಗ. ಕೀಳೋದೊಂದೇ. ಒಂದೇ ದಿನ ಹನ್ನೊಂದು ಕಿತ್ತ. ನಾನು ಬಟ್ಟಲು ಹಿಡ್ಕೊಂಡಿದ್ದೆ."

"ಕಟ್ಟಿಸಿದ ಹಲ್ಲು ಕಳಿಸಿದ್ರಲ್ಲ," ಪೆಟ್ರೋನಿಲ ನೆನಪಿಸಿದಳು.

"ಕಳಿಸಿದ್ರು. ಯಾರ ಬಾಯಿ ಅಳತೇದೋ! ಹೊಲಿಯೋ ಚರ್ಮ ಹಾರದೆ ಇರ್ಲಿ ಅಂತ ಅದನ್ನ ಭಾರಕ್ಕಿಟ್ಕೊಂಡಿದ್ಲು." ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಅಗಾಫಿಯಳ ದನಿ ಬದಲಾಯಿತು. "ಒಣಮೀನು ಅಂದ್ರೆ ಪ್ರಾಣ ಅವಳಿಗೆ. ನಾನು ಅಗಿದು ಕೊಡ್ತಿದ್ದೆ. ದಿನಾ. ನನ್ನ ಪಕ್ಕದಲ್ಲಿ ಕೂತ್ಕೊಂಡು, 'ಇನ್ನೊಂಚೂರು ಮೆತ್ತಗೆ ಮಾಡೇ' ಅನ್ನೋಳು. ಹದಿಮೂರಕ್ಕೆ ನನ್ನನ್ನ ದೂರದ ಶಾಲೆಗೆ ಕರ್ಕೊಂಡು ಹೋದ್ರು. ಮೂರು ವರ್ಷ. ತಿರುಗಿ ಬಂದಾಗ ಅಮ್ಮ ಚಹಾ ಕುಡೀತಾ ಕೂತಿದ್ಲು. ಕೆನ್ನೇಲಿ ಸಕ್ಕರೆ. ಓ, ಅಮ್ಮಂಗೆ ಸಕ್ಕರೆ ರುಚಿ ಹತ್ತಿದೆ ಅಂದ್ಕೊಂಡೆ ನಾನು."

ಅವಳು ಕೈಯಲ್ಲಿದ್ದ ಮೀನಿನ ತುಂಡನ್ನು ನೋಡಿದಳು.

"ಅಗಿದು ಕೊಡೋರು ಇರ್ಲಿಲ್ಲ ಅವಳಿಗೆ. ಅಷ್ಟೇ."

ಪೆಟ್ರೋನಿಲ ತಲೆ ತಗ್ಗಿಸಿದಳು. ಓಲಿಂಕಳಿಗೆ ತಾನು ಕೇಳಬಾರದಿತ್ತೇನೋ ಅನಿಸಿತು. ಅಷ್ಟರಲ್ಲಿ ಅಗಾಫಿಯ ಕಿಟಕಿಯ ಕೆಳಗೆ ಆಡುತ್ತಿದ್ದ ಮಗುವನ್ನು ಕರೆದಳು.

"ಅಮ್ಮಾ, ಮೀನು ತಿಂತೀಯಾ?"

ಅರ್ನಾಕ್ ಹತ್ತಿರ ಬಂದಳು. ಮೀನಿನ ಮೇಲೆ ಆಸೆಯಿತ್ತು, ಹಲ್ಲಿನ ಮೇಲೆ ಭಯವೂ ಇತ್ತು. ಅಗಾಫಿಯ ತೆಳ್ಳಗಿನದೊಂದು ಪಟ್ಟಿ ಆರಿಸಿ, ಸೀಲ್ ಎಣ್ಣೆಯಲ್ಲಿ ಅದ್ದಿ, ಐವತ್ತು ಚಿಲ್ಲರೆ ವರ್ಷದ ಹಿಂದಿನ ಅಭ್ಯಾಸದಲ್ಲಿ ತನ್ನ ಬಾಯಿಗೇ ಒಯ್ದಳು, ಅಗಿದು ಕೊಡಲೆಂದು.

"ನಾನೇ ಅಗೀತೀನಿ," ಮಗು ಕೈ ಚಾಚಿತು.

"ಬಲಗಡೆ ಅಗಿ," ಓಲಿಂಕ ಹೇಳಿದಳು. "ಹೆದರ್ಬೇಡ. ನಸ್ತಾಸ್ಯ ಕಟ್ಟಿರೋ ಗೋಡೆ ಅದು."

ಅರ್ನಾಕ್ ಬಲಗಡೆಗೆ ತಳ್ಳಿ, ಒಂದು ಸಲ ಮೆಲ್ಲಗೆ ಕಚ್ಚಿದಳು. ನಿಂತಳು. ಕಾದಳು. ಏನೂ ಆಗಲಿಲ್ಲ. ಮತ್ತೆ ಕಚ್ಚಿದಳು. ಆಮೇಲೆ ಮನೆಯೆಲ್ಲ ಕೇಳುವಂತೆ, ಕರಕರನೆ, ತೊಗಲಿನವರೆಗೂ ಅಗಿದಳು. ಅಗಾಫಿಯ ಕಿವಿಯನ್ನು ಮಗುವಿನ ಕೆನ್ನೆಯ ಹತ್ತಿರ ತಂದು, ಯಾರೋ ಬಹಳ ದಿನದ ಮೇಲೆ ಮಾತಾಡುತ್ತಿದ್ದಾರೆ ಎನ್ನುವಂತೆ ಆಲಿಸುತ್ತ ಕೂತಳು. ಪೆಟ್ರೋನಿಲ ಎದ್ದು ಕೆಟಲನ್ನು ಕೆಳಗಿಳಿಸಿದಳು.

ಮಾರನೆಯ ದಿನ ಓಲಿಂಕ ಬ್ರಷ್ ಹುಡುಕಿದರೆ ಅದು ಜಾಗದಲ್ಲಿರಲಿಲ್ಲ. ಅಗಾಫಿಯ ಕಿಟಕಿಯ ಬೆಳಕಿನಲ್ಲಿ ಕನ್ನಡಕ ಹಾಕಿಕೊಂಡು ಕೂತಿದ್ದಳು. ಮಗುವಿನ ತಲೆ ಅವಳ ತೊಡೆಯ ಮೇಲಿತ್ತು.

"ಅಮ್ಮನ ಬಾಯಿ ತೊಳೆಯಕ್ಕೆ ಮಗಳು ನಾನಿಲ್ವಾ? ನೀನ್ಯಾಕೆ?" ಅಂದಳು. "ಬಂದು ತೋರ್ಸು. ನಸ್ತಾಸ್ಯ ಹೇಗೆ ಹೇಳಿದ್ಲು?"

"ಒಸಡಿನ ಅಂಚಲ್ಲಿ, ಅವ್ವಾ. ಒತ್ತಬಾರ್ದು. ಸಣ್ಣಸಣ್ಣಗೆ ಸುತ್ತಿಸ್ತಾ."

ಎರಡು ಸಲ ಹೇಳುವ ಅಗತ್ಯ ಬೀಳಲಿಲ್ಲ. ಅರವತ್ತೈದರ ಆ ಬೆರಳುಗಳು ನೀರು ಇಳಿಯದಂತೆ ಬೂಟು ಹೊಲಿದ ಬೆರಳುಗಳು. ಕಣ್ಣಿಗೆ ಕಾಣದಷ್ಟು ಚಿಕ್ಕ ಹೊಲಿಗೆ ಹಾಕಿದವು. ಅವು ಒಂದೊಂದೇ ಹಲ್ಲನ್ನು ಹುಡುಕಿ, ತುಟಿಯನ್ನು ಒಂದು ಬೆರಳಿನಿಂದ ಎತ್ತಿ ಹಿಡಿದು, ಅವಸರವಿಲ್ಲದೆ ಸುತ್ತಿದವು. ಹಲ್ಲಿನ ಸಂದಿಗೆ ದಾರ ಇಳಿಸುವ ಕೆಲಸದಲ್ಲಿ ಓಲಿಂಕ ಎಷ್ಟೋ ಸಲ ಒಸಡು ಕೊಯ್ದು ರಕ್ತ ಬರಿಸಿದ್ದಳು. ಅಗಾಫಿಯ ದಾರ ಎಳೆದರೆ ಮಗುವಿಗೆ ಗೊತ್ತೂ ಆಗುತ್ತಿರಲಿಲ್ಲ. ಅಜ್ಜಿಯ ಬಾಯಿಗೆ ಕಡ್ಡಿ ಹಾಕಬೇಡ ಎಂದು ಕಾದಾಡುತ್ತಿದ್ದವಳು ಈಗ ನಿದ್ದೆಗಣ್ಣಿನಲ್ಲಿ ಬಾಯಿ ತೆರೆದುಕೊಂಡು ಬಿದ್ದಿದ್ದಳು. ಪಕ್ಕದಲ್ಲಿ ಕೂತ ಓಲಿಂಕಳಿಗೆ, ತಾನು ಹತ್ತು ದಿನ ಒದ್ದಾಡಿದ್ದು ಎಂಥ ಕೆಲಸಗಾತಿಯನ್ನು ಎದುರಿಗಿಟ್ಟುಕೊಂಡು ಎಂದು ನಗು ಬಂತು.

ಸಕ್ಕರೆಯ ವಿಷಯ ಅಷ್ಟು ಸುಲಭವಾಗಿ ಮುಗಿಯಲಿಲ್ಲ. ಮೂರನೆಯ ದಿನ ಅರ್ನಾಕ್ ಕಾಲು ನೆಲಕ್ಕೆ ಬಡಿದಳು.

"ಮಗಳೇ! ಸಕ್ಕರೆ ಕೊಡು!"

"ಇಲ್ಲ ಅಮ್ಮಾ."

"ನಾನು ನಿನ್ನಮ್ಮ!"

"ಹೌದಮ್ಮಾ. ಅದಕ್ಕೇ ಇಲ್ಲ." ಅಗಾಫಿಯ ಮಗುವಿನ ಎರಡೂ ಕೈ ಹಿಡಿದುಕೊಂಡಳು. "ಹೋದ ಸಲ ನಿನ್ನನ್ನ ಬಿಟ್ಟು ಹೋಗಿದ್ದೆ. ಈ ಸಲ ಎಲ್ಲೂ ಹೋಗಲ್ಲ."

ಮಗುವಿಗೆ ಅದು ಅರ್ಥವಾಗಿರಲಾರದು. ಅದು ಅತ್ತಿತು, ಚಪ್ಪಲಿ ಎಸೆಯಿತು, ಪೆಟ್ರೋನಿಲಳ ಮನೆಗೆ ಓಡಿತು. ಪೆಟ್ರೋನಿಲ ಬಾಗಿಲಲ್ಲೇ ಕೈಗೆ ಒಂದು ಮೀನಿನ ತುಂಡು ಕೊಟ್ಟು ವಾಪಸ್ ಕಳಿಸಿದಳು. ವಾರದಲ್ಲಿ ಕೇಳುವುದು ಕಡಿಮೆಯಾಯಿತು. ಹಬ್ಬದ ದಿನ ಮಾತ್ರ ಊಟದ ಜೊತೆಯಲ್ಲೇ ಒಂದು ಅಚ್ಚು, ಆ ಕೂಡಲೇ ಕಿಟಕಿಯ ಬಳಿ ತೊಡೆಯ ಮೇಲೆ ತಲೆ.

ಮೇ ತಿಂಗಳಲ್ಲಿ ಕುಸ್ಕೊಕ್ವಿಮ್ ನದಿಯ ಮಂಜುಗಡ್ಡೆ ಒಡೆದು ತೇಲತೊಡಗಿದಾಗ ನಸ್ತಾಸ್ಯ ಬಂದಳು. ಈ ಸಲ ಅರ್ನಾಕಳ ಜೊತೆ ಓಲಿಂಕ ಅಷ್ಟೇ ಅಲ್ಲ, ತಲೆಗೆ ಹೂವಿನ ರುಮಾಲು ಕಟ್ಟಿಕೊಂಡು ಅಗಾಫಿಯಳೂ ಹೊರಟಳು. ಕ್ಲಿನಿಕ್ಕಿನ ಹೊಸ್ತಿಲು ತುಳಿಯದೆ ಅವಳಿಗೆ ಎಷ್ಟೋ ವರ್ಷವಾಗಿತ್ತು.

ನಸ್ತಾಸ್ಯ ಪುಟ್ಟ ಕನ್ನಡಿ ಇಳಿಸಿದಳು. ಕೆಳಗಡೆ ಬಲಗಡೆಯ ಹಲ್ಲನ್ನು ತಟ್ಟಿದಳು. ಸಿಮೆಂಟಿನ ಅಂಚಿನ ಸುತ್ತ ಕಡ್ಡಿ ಆಡಿಸಿದಳು. ಕಡ್ಡಿ ಎಲ್ಲಿಯೂ ಸಿಕ್ಕಿಕೊಳ್ಳಲಿಲ್ಲ. ನಸ್ತಾಸ್ಯ ಮತ್ತೊಮ್ಮೆ ಸುತ್ತಿಸಿದಳು, ನಂಬಿಕೆ ಬಾರದವಳಂತೆ.

"ನಾಲ್ಕೂ ಕೂತಿದಾವೆ," ಅಂದಳು. "ಕದಲಿಲ್ಲ. ಒಸಡು ನೋಡು, ಹೇಗೆ ಗುಲಾಬಿಯಾಗಿ ಗಟ್ಟಿಯಾಗಿದೆ. ಹೀಗಿರ್ಬೇಕು. ಯಾರು ಉಜ್ಜಿದ್ದು ಇದನ್ನ?"

ಅರ್ನಾಕ್ ಬಾಗಿಲ ಬಳಿಯ ಕುರ್ಚಿಯ ಕಡೆ ಬೆರಳು ತೋರಿಸಿದಳು. "ಅವಳು."

ನಸ್ತಾಸ್ಯ ಕೈಗವಸು ಕಳಚಿ, ಅಗಾಫಿಯಳ ಮುಂದೆ ಬಂದು ನಿಂತಳು. "ಅಗಾಫಿಯಜ್ಜಿ, ಈ ನದಿ ಮೇಲೆ ಕೆಳಗೆ ನಲವತ್ತು ಮಕ್ಕಳ ಬಾಯಿ ನೋಡ್ತೀನಿ. ಇಷ್ಟು ಚೆನ್ನಾಗಿ ಉಜ್ಜಿದ ಬಾಯಿ ನೋಡಿಲ್ಲ."

"ನನ್ನನ್ನ ಹೊಗಳ್ಬೇಡ. ಕೆಲಸ ಹೇಳಿಕೊಟ್ಟವಳು ಅವಳು," ಎಂದು ಅಗಾಫಿಯ ಓಲಿಂಕಳ ಕಡೆ ಗಲ್ಲ ಎತ್ತಿದಳು. ಓಲಿಂಕ ಗೋಡೆಯೊಳಗೆ ಸೇರಿಕೊಳ್ಳಲು ನೋಡಿದಳು.

"ಇನ್ನೊಂದಿದೆ, ಬನ್ನಿ," ನಸ್ತಾಸ್ಯ ಇಬ್ಬರನ್ನೂ ಕರೆದು ಮಗುವಿನ ಬಾಯೊಳಗೆ ದೀಪ ಹಿಡಿದಳು. ತುಂಬಿದ ಹಲ್ಲಿನ ಹಿಂದೆ, ಒಸಡು ಸೀಳಿಕೊಂಡು, ನೊರೆಯಷ್ಟು ಬಿಳಿಯ ಅಗಲವಾದ ತಲೆಯೊಂದು ಮೇಲೆ ಬರುತ್ತಿತ್ತು. "ಹೊಸ ದವಡೆ ಹಲ್ಲು. ಸರಿಯಾದ ಜಾಗದಲ್ಲೇ ಬಂದಿದೆ. ಮುಂದಿನದು ಅಲುಗದೆ ಕೂತಿರೋದ್ರಿಂದ."

ಅಗಾಫಿಯ ಬಾಗಿ ನೋಡಿದಳು. "ಇದು ಬೀಳೋದು ಯಾವಾಗ?"

"ಇದು ಬೀಳಲ್ಲ ಅಜ್ಜಿ. ಹಾಲುಹಲ್ಲಲ್ಲ ಇದು. ನೋಡ್ಕೊಂಡ್ರೆ ಸಾಯೋತನಕ ಇರುತ್ತೆ."

ಅಗಾಫಿಯ ರುಮಾಲಿನ ಗಂಟು ಸಡಿಲಿಸಿ, ಮತ್ತೆ ಬಿಗಿದಳು. ಮಗುವಿನ ಬಾಯಿ ನೋಯತೊಡಗಿತ್ತು, ಆದರೂ ಅದು ತೆರೆದೇ ಇತ್ತು.

"ಹಿಂದೆ ಮೂಲೇಲಿದೆಯಲ್ಲ," ಅಂದಳು ಕೊನೆಗೆ. "ನನ್ನ ಹತ್ರ ಇರೋ ಬ್ರಷ್ಷು ಅಲ್ಲೀತನಕ ಹೋಗಲ್ಲ. ಚಿಕ್ಕ ತಲೇದು ಒಂದಿದ್ರೆ ಕೊಡು."